ಎಚ್-ಎರಡು ಎಂಬ ಕ್ಯಾಲೆಂಡರು

ನಾಲ್ಕು ದಿನದ ಕೆಲಸ ಎಂದು ಬರೆದು
ಎಂಟರ್ ಒತ್ತಿದೆ. ಏಳಾಯಿತು.
ಮತ್ತೆ ನಾಲ್ಕೆಂದೆ. ಮತ್ತೆ ಏಳು,
ಹಠ ಹಿಡಿದ ಕೂಸಿನ ಹಾಗೆ.

ಸೊಹಾರಿನ ಬಂದರಿನ ಬದಿಗೆ ಡಬ್ಬಿ ಕಚೇರಿ.
ಹೊರಗೆ ನಲವತ್ತೇಳು ಡಿಗ್ರಿ,
ಒಳಗೆ ಏಸಿಯ ಕೆಳಗೆ ಶಾಲು ಹೊದ್ದು ನಾನು.
ಉಪ್ಪುನೀರನ್ನು ಸಿಹಿ ಮಾಡುವ ಸ್ಥಾವರಕ್ಕೆ
ಎರಡು ಸಾವಿರದ ನೂರಾ ಹದಿನಾರು ಸಾಲು ಕೆಲಸ,
ಅದರಲ್ಲಿ ಒಂದು ಸಾಲು ಕೆಂಪು.

ಮೊದಲ ಅನುಮಾನ ನನ್ನ ಮೇಲೆಯೇ.
ಗಂಟೆ, ದಿನ, ಆಳು: ಮುಕ್ಕಾಲಿ ಸ್ಟೂಲು ಇದು,
ಒಂದು ಕಾಲು ಕೊಯ್ದರೆ ಇನ್ನೊಂದು ಕೊಯ್ಯಬೇಕು.
ದಿನವನ್ನು ಬಿಗಿದೆ, ಗಂಟೆಗಳು ಸೊರಗಿದವು.
ಗಂಟೆಗಳನ್ನು ಬಿಗಿದೆ, ದಿನ ಉಬ್ಬಿತು
ನೆನೆಸಿಟ್ಟ ಕಡಲೆಯಂತೆ.
ಒಬ್ಬನ ಜಾಗದಲ್ಲಿ ಇಬ್ಬರೆಂದೆ,
ಎಲ್ಲವೂ ನೆಟ್ಟಗಾಯಿತು;
ಆ ಇನ್ನೊಬ್ಬನನ್ನು ಎಲ್ಲಿಂದ ತರಲಿ?

ಇರುವವನು ಹಸನಬ್ಬ ಒಬ್ಬನೇ.
ಬೆಸುಗೆಯ ಮೇಲೆ ಜೆಲ್ಲು ಸವರಿ
ಹೆಬ್ಬೆರಳಷ್ಟು ಸಲಕರಣೆ ಒತ್ತಿ
ಉಕ್ಕಿನೊಳಗಿನ ಬಿರುಕು ಆಲಿಸುವವನು.
ಮಂಗಳವಾರ ಬೆಳಗ್ಗೆ ಟ್ಯಾಂಕು ನಾಲ್ಕಕ್ಕೂ ಅವನೇ ಬೇಕು,
ಸಮುದ್ರದ ಪೈಪಿಗೂ ಅವನೇ ಬೇಕು.
ಎತ್ತು ಏರಿಗೆಳೆಯಿತು, ಕೋಣ ನೀರಿಗೆ;
ಸಾಫ್ಟ್‌ವೇರು ಮಾತ್ರ ತಣ್ಣಗೆ ಬರೆಯಿತು:
ಇನ್ನೂರು ಪ್ರತಿಶತ.

ಪೈಪನ್ನು ಹಿಂದೆ ತಳ್ಳಿದೆ.
ಏಳು ಐದಾಯಿತು. ನಾಲ್ಕಾಗಲೊಲ್ಲದು.
ಶುಕ್ರವಾರ ಲೆಕ್ಕದಲ್ಲಿದೆ, ಶನಿವಾರವೂ.
ಬಿಸಿಲಿಗೆ ಸರ್ಕಾರ ಕೊಟ್ಟ ಬಿಡುವು ಇದೆ,
ಹನ್ನೆರಡೂವರೆಯಿಂದ ಮೂರೂವರೆ.
ಮತ್ತೇನು?

ಸಿಕ್ಕಿತು. ಅವನ ಹೆಸರಿನ ಬೆನ್ನಿಗೆ
ಬೇರೆಯದೇ ಒಂದು ಕ್ಯಾಲೆಂಡರು, 'ಎಚ್-ಎರಡು'.
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಅರ್ನೆಲ್
ಮಾಡಿಟ್ಟು ಮನಿಲಾಕ್ಕೆ ಹೋದದ್ದು.
ಪ್ರತಿ ಬುಧವಾರ ಹನ್ನೆರಡೂವರೆಯ ಮೇಲೆ ಖಾಲಿ.
ಟಿಪ್ಪಣಿಯಿಲ್ಲ.
ಅಳಿಸಲೇ, ಎಂದು ಕೇಳಿತು ಯಂತ್ರ,
ಅದು ಎಲ್ಲಕ್ಕೂ ಹಾಗೇ ಕೇಳುತ್ತದೆ.
ಹೆಲ್ಮೆಟ್ಟು ಹಾಕಿಕೊಂಡು ಹೊರಟೆ.

ಟ್ಯಾಂಕಿನ ನೆರಳಲ್ಲಿ ಲಬನ್ ಕುಡಿಯುತ್ತಿದ್ದ.
"ಬುಧವಾರವಾ?" ಜೆಲ್ಲಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.
"ರಾತ್ರಿ ವಿಮಾನಕ್ಕೆ ಪೆಟ್ಟಿಗೆ ಹೋಗಬೇಕಲ್ಲ.
ಆಸ್ಪತ್ರೆಯ ಕಿಟಕಿ ಎರಡಕ್ಕೆಲ್ಲ ಮುಚ್ಚುತ್ತದೆ,
ಓಡಬೇಕು. ಆಮೇಲೆ ಪೊಲೀಸರ ಚೀಟಿ,
ಮಸ್ಕತ್ತಿಗೆ ಇನ್ನೂರು ಕಿಲೋಮೀಟರು.
ಹೆಸರಲ್ಲಿ ಒಂದಕ್ಷರ ತಪ್ಪಿದರೂ
ಇನ್ನೊಂದು ವಾರ ಫ್ರೀಜರಿನಲ್ಲಿ.
ಎಲ್ಲ ವಾರ ಇರುವುದಿಲ್ಲ ಮೇಡಂ.
ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು."

ನಮ್ಮ ಕಡೆಯವರಾ, ಎಂದೆ, ದಡ್ಡಿಯ ಹಾಗೆ.
"ಕರೀಂನಗರದವರು, ಬಿಹಾರದವರು,
ಹೋದ ವಾರ ಒಬ್ಬ ನೇಪಾಳದ ಹುಡುಗ.
ಪೆಟ್ಟಿಗೆ ಮಾಡುವವನ ಹತ್ತಿರ ಅಳತೆ ಒಂದೇ."

ಮತ್ತೆ ಬೆಸುಗೆಗೆ ಬಗ್ಗಿದ.
ಅಂಗೈಯಗಲದ ಪರದೆಯಲ್ಲಿ ಗೆರೆಯೊಂದು ಎಗರಿತು.
ಸೀಮೆಸುಣ್ಣ ತೆಗೆದು
ಉಕ್ಕಿನ ಮೇಲೆ ಸೊನ್ನೆ ಸುತ್ತಿದ:
"ಇದನ್ನು ಕೊರೆದು ತೆಗೆದು ಮತ್ತೆ ಹಾಕಿಸಿ.
ಇನ್ನೆರಡು ದಿನ ಬರೆದುಕೊಳ್ಳಿ."

ಐದಿದ್ದದ್ದು ಮತ್ತೆ ಏಳು!
ನಗು ಬಂತು, ಅವನಿಗೆ ಯಾಕೆಂದು ಹೇಳಲಿಲ್ಲ.

ಭಾನುವಾರದ ಸಭೆಯಲ್ಲಿ
ಮುಗಿಯುವ ತಾರೀಕು ಜಾರಿದ್ದೇಕೆಂದು ಕೇಳಿದರು.
ಬೆಸುಗೆ ದುರಸ್ತಿ ಎಂದೆ, ಅದು ಸುಳ್ಳಲ್ಲ.
ಜೊತೆಗೆ ಹಂಚಿಹೋದ ಸಂಪನ್ಮೂಲ ಎಂದೆ.
ಯಾರಿಗೆ ಹಂಚಿತು ಎಂದು ಕೇಳುವಷ್ಟು
ಯಾರಿಗೂ ಹೊತ್ತಿರಲಿಲ್ಲ.

ಎಚ್-ಎರಡು ಹಾಗೆಯೇ ಇದೆ. ಹೆಸರು ಬದಲಿಸಿಲ್ಲ,
ಅರ್ನೆಲ್ ಯಾಕೆ ಟಿಪ್ಪಣಿ ಬರೆಯಲಿಲ್ಲ ಎಂಬುದು
ಈಗ ಗೊತ್ತು.
ಒಂದೇ ಒಂದು ತಿದ್ದಿದೆ:
ಹನ್ನೆರಡೂವರೆಗೆ ಶುರುವಾಗುತ್ತಿದ್ದ ಖಾಲಿಯನ್ನು
ಮೌಸಿನಿಂದ ಹಿಡಿದು
ಹನ್ನೊಂದಕ್ಕೆ ಎಳೆದೆ.
ಓಡುವುದು ಬೇಡ,
ಕಿಟಕಿ ಎರಡಕ್ಕೆ ಮುಚ್ಚುತ್ತದೆ.